ಶುಭ ಶುಕ್ರವಾರ ಬಡಿದ ಗಂಟೆ

"ನಂಬಿಕೆ ಅಂದ್ರೆ ನಂದು ಗುರು. ಹೆಬ್ಬಾಳ ಫ್ಲೈಓವರ್ ಕಂಬ ಬೇಕಾದ್ರೆ ಅಲ್ಲಾಡುತ್ತೆ, ಚೌರಪ್ಪನ ನಂಬಿಕೆ ಅಲ್ಲಾಡಲ್ಲ. ಬೈಬಲಿನ ಯೋಬನಿಗೆ ಕಷ್ಟ ಬಂದಾಗ ಪಾಪ, ಬೂದಿ ಮೇಲೆ ಕೂತ್ಕೊಂಡ. ನನಗೆ ಬಂದಿದ್ರೆ ನಿಂತ್ಕೊಂಡೇ ಇರ್ತಿದ್ದೆ."

ಕೆಂಪಾಪುರದ ಟೀ ಅಂಗಡಿಯ ಮುಂದೆ ಚೌರಪ್ಪ ಈ ಮಾತು ಆಡಿದ್ದು ಈಸ್ಟರಿಗೆ ವಾರ ಮುಂಚಿನ ಗರಿಗಳ ಭಾನುವಾರದಂದು, ಚರ್ಚಿನಿಂದ ತಂದ ಗರಿಯ ಶಿಲುಬೆಯನ್ನು ಕತ್ತಿಯ ಹಾಗೆ ಹಿಡಿದುಕೊಂಡು. ಆಟೋ ಓಡಿಸುವ ಜಹೀರ್ ಲೋಟದಿಂದ ತಲೆಯೆತ್ತದೆ ಹೇಳಿದ: "ಟೀಗೆ ಸಕ್ಕರೆ ಕಮ್ಮಿ ಆದ್ರೆ ಅಲ್ಲಾಡ್ತೀರಲ್ಲ ಚೌರಣ್ಣ, ಅದು ಯಾವ ಕಂಬ?"

ಚೌರಪ್ಪನದು ಗೇಟು, ಗ್ರಿಲ್ಲು ವೆಲ್ಡಿಂಗ್ ಮಾಡುವ ಕಸುಬು. ಅವನು ಸುಳ್ಳುಗಾರನಲ್ಲ. ನಿಜ ಗಿಡ್ಡವಾಯಿತು ಅನ್ನಿಸಿದಾಗ ಅದಕ್ಕೊಂದು ತುಂಡು ವೆಲ್ಡಿಂಗ್ ಮಾಡಿ ಉದ್ದ ಮಾಡುತ್ತಿದ್ದ, ಅಷ್ಟೆ. ಅವನ ಪ್ರಕಾರ ಗಂಗಾನಗರದಲ್ಲಿ ಅವನು ಕೂರಿಸಿದ ಗೇಟಿಗೆ ಲಾರಿ ಗುದ್ದಿ, ಲಾರಿ ಗುಜರಿಗೆ ಹೋಯಿತು, ಗೇಟಿನ ಬಣ್ಣ ಕೂಡ ಹೋಗಲಿಲ್ಲ.

ಆದರೆ ಈ ಕಥೆ ಅವನದಲ್ಲ, ಅವನ ಹೆಂಡತಿ ಲೂರ್ದಮ್ಮನದು. ಅವನನ್ನು ದಾಟದೆ ಅವಳ ಹತ್ತಿರ ಹೋಗುವುದಕ್ಕಾಗುವುದಿಲ್ಲ. ಸದಾ ಬಾಗಿಲಿಗೆ ಅಡ್ಡ ಕೂತಿರುತ್ತಾನೆ.

ಲೂರ್ದಮ್ಮ ಆ ಊರಿನ ಚಿಕ್ಕ ಚರ್ಚಿನ ಗಂಟೆ ಬಾರಿಸುವವಳು. ಆಳು ಎಷ್ಟು ಸಣ್ಣ ಎಂದರೆ ಹಗ್ಗ ಎಳೆದು ಬಿಟ್ಟಾಗ ಗಂಟೆ ಅವಳನ್ನು ನೆಲದಿಂದ ಒಂದು ಮೊಳ ಮೇಲಕ್ಕೆತ್ತಿ ಮತ್ತೆ ಇಳಿಸುತ್ತಿತ್ತು. ಇಬ್ಬರಲ್ಲಿ ಯಾರು ಯಾರನ್ನು ಬಾರಿಸುತ್ತಿದ್ದಾರೆ ಎಂದು ನೋಡಿದವರಿಗೆ ಅನುಮಾನ ಬರುತ್ತಿತ್ತು. ಗಂಟೆಯೂ ಸಾಮಾನ್ಯದ್ದಲ್ಲ. ಬ್ರಿಟಿಷರ ಕಾಲದಲ್ಲಿ ಹಡಗಿನಲ್ಲಿ ಹೊರಟದ್ದು, ಹಡಗು ಮುಳುಗಿ ಗಂಟೆಯೊಂದೇ ತೇಲಿಕೊಂಡು ಬಂತು ಎಂಬುದು ಚೌರಪ್ಪನ ಅಂಬೋಣ. ಕಂಚು ಹೇಗೆ ತೇಲಿತು ಎಂದು ಕೇಳಿದವರನ್ನು ಅವನು ಅಪನಂಬಿಕೆಯವರ ಸಾಲಿಗೆ ಸೇರಿಸುತ್ತಿದ್ದ.

ಮೊದಲು ಬಾರಿಸುತ್ತಿದ್ದವರು ಮಾವ ಇನ್ನಾಸಪ್ಪ. ಅವರು ಸೊಂಟ ಮುರಿದುಕೊಂಡ ಮೇಲೆ ಹಗ್ಗ ಹೊಸ ಸೊಸೆಯ ಕೈಗೆ ಬಂತು. ಅದೇ ವರ್ಷ ಅವಳಿಗೆ ದಿನ ತುಂಬುವ ಮೊದಲೇ ಹೆರಿಗೆಯಾಗಿ, ಹೆಣ್ಣುಮಗು ಒಂದು ಹಗಲು ಕಳೆಯುವುದರೊಳಗೆ ಹೋಯಿತು. ಆ ಚರ್ಚಿನಲ್ಲಿ ಯಾರು ಸತ್ತರೂ ಬಿಟ್ಟು ಬಿಟ್ಟು ಒಂದೊಂದೇ ಏಟು ಬಾರಿಸುವ ಪದ್ಧತಿ. ಆ ಗಂಟೆಯನ್ನು ಅವಳು ಬೇರೆ ಯಾರ ಕೈಗೂ ಕೊಡಲಿಲ್ಲ. ಹಸಿ ಬಾಣಂತಿ ಎದ್ದು ಬಂದು ತನ್ನ ಮಗುವಿಗೆ ತಾನೇ ಬಾರಿಸಿದಳು. ಆಮೇಲೆ ಮಕ್ಕಳಾಗಲಿಲ್ಲ. ರಸ್ತೆ ಅಗಲ ಮಾಡುವಾಗ ಬಾಡಿಗೆ ಮನೆ ಹೋಯಿತು. ವೆಲ್ಡಿಂಗ್ ಕಿಡಿ ಹಾರಿ ಚೌರಪ್ಪ ಅರ್ಧ ವರ್ಷ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಕೂತ. ಆಗ ಅವಳು ಹುಡುಗಿಯರ ಪಿ.ಜಿ.ಯಲ್ಲಿ ಅಡುಗೆಗೆ ಸೇರಿ, ಧಾರವಾಡದ ಕಡೆಯ ಹುಡುಗಿಯರಿಗಾಗಿ ಜೋಳದ ರೊಟ್ಟಿ ಬಡಿಯುವುದನ್ನು ಕಲಿತಳು.

ಇದೆಲ್ಲದರ ನಡುವೆ ಅವಳ ಪ್ರಾರ್ಥನೆ ಮಾತ್ರ ಬದಲಾಗಲಿಲ್ಲ. ಹಗ್ಗ ಮುಟ್ಟುವ ಮೊದಲು ಕಣ್ಣು ಮುಚ್ಚಿ, "ಸ್ವಾಮಿ, ನಿಮಗೆ ಗೊತ್ತು" ಅನ್ನುವಳು. ಅಷ್ಟೇ. ಚೌರಪ್ಪನಿಗೆ ಅದು ಸರಿಬರುತ್ತಿರಲಿಲ್ಲ. "ಇಷ್ಟು ಚಿಕ್ಕ ಅರ್ಜಿ ಹಾಕಿದ್ರೆ ಮೇಲೆ ಯಾರು ನೋಡ್ತಾರೆ ಕಣೇ. ಸ್ವಲ್ಪ ವಿವರ ಕೊಡು."

"ಅವರಿಗೆ ಗೊತ್ತಿಲ್ದೇ ಇರೋ ವಿವರ ನಿಮ್ಮ ಹತ್ರ ಏನಿದೆ?"

ಈ ವರ್ಷ ಈಸ್ಟರಿಗೆ ಮುಂಚಿನ ನಲವತ್ತು ದಿನದ ತಪಸ್ಸುಕಾಲದ ನಡುವೆ ಸ್ನಾನ ಮಾಡುವಾಗ ಅವಳ ಬಲ ಎದೆಯಲ್ಲಿ ಒಂದು ಗಡ್ಡೆ ಕೈಗೆ ಸಿಕ್ಕಿತು. ಯಾರಿಗೂ ಹೇಳಲಿಲ್ಲ. ಮನೆ ಓನರ್ ಲಕ್ಷ್ಮಿದೇವಮ್ಮ, ಒಂದು ಕಾಲದಲ್ಲಿ ಕೆರೆಯಾಚೆ ರಾಗಿ ಬೆಳೆಯುತ್ತಿದ್ದ ಮನೆತನದ ಹೆಂಗಸು, ಬಟ್ಟೆ ಒಣಹಾಕುವಾಗ ಅವಳ ಕೈ ಮೇಲೇಳದ್ದನ್ನು ನೋಡಿ ಗದರಿಸಿ ಗಂಡನ ಜೊತೆ ಆಸ್ಪತ್ರೆಗೆ ಹೊರಡಿಸಿದಳು. ಗರಿಗಳ ಭಾನುವಾರ ಕಳೆದ ಬುಧವಾರ ದೊಡ್ಡಾಸ್ಪತ್ರೆಯಲ್ಲಿ ಸೂಜಿ ಹಾಕಿ ಚೂರು ತೆಗೆದರು. ಗಡ್ಡೆ ಕೆಟ್ಟದ್ದೋ ಅಲ್ಲವೋ ಸೋಮವಾರ ಹೇಳುತ್ತೇವೆ, ಅಲ್ಲಿಯವರೆಗೆ ಬಲಗೈಯಿಂದ ಏನನ್ನೂ ಎಳೆಯಬೇಡಿ ಎಂದರು. ಸೋಮವಾರ ಎಂದರೆ ಪಾಸ್ಕ ಹಬ್ಬದ, ಅಂದರೆ ಈಸ್ಟರಿನ, ಮರುದಿನ.

ಆ ಬುಧವಾರ ಬಸ್ಸಿಳಿದು ಮನೆಗೆ ಬರುವಷ್ಟರಲ್ಲಿ ಚೌರಪ್ಪನ ಕಣ್ಣಿಗೆ ಲೋಕ ಬೇರೆ ಬಣ್ಣಕ್ಕೆ ತಿರುಗಿತ್ತು. ಕೆರೆಯ ಮೇಲಿನ ಹದ್ದುಗಳೆಲ್ಲ ತನ್ನ ಮನೆಯ ಶೀಟಿನ ಮೇಲೇ ಸುತ್ತುತ್ತಿವೆ ಅನ್ನಿಸಿತು. ಒಂದು ಹದ್ದು ಅರ್ಧ ತಿಂದ ಮೀನನ್ನು ಬಾಗಿಲ ಮುಂದೆ ಉದುರಿಸಿತು. ಮೀನಿನ ಕಣ್ಣು ತೆರೆದಿತ್ತು, ಅವನನ್ನೇ ನೋಡುತ್ತಿತ್ತು. ಒಲೆಯ ಮೇಲೆ ಹಾಲು ಒಡೆಯಿತು. ಗೋಡೆ ಗಡಿಯಾರ ನಿಂತಿತ್ತು. ಅದು ಕ್ರಿಸ್ಮಸ್ಸಿನಿಂದಲೂ ನಿಂತೇ ಇತ್ತು, ಆದರೆ ಅವತ್ತು ಅದು ನಿಂತಿರುವ ರೀತಿಯೇ ಬೇರೆ.

"ಲಕ್ಷ್ಮಿದೇವಮ್ಮನೋರೇ, ಈ ಮೀನು ನೋಡಿದ್ರಾ?"

"ನೋಡ್ದೆ. ಬೆಕ್ಕಿಗಾಕು," ಎಂದಳು ಲಕ್ಷ್ಮಿದೇವಮ್ಮ. "ಇಂಗೆಲ್ಲಾ ಯೋಚ್ನೆ ಮಾಡ್ಬ್ಯಾಡ ಚೌರಪ್ಪ. ನಾನೂ ನಮ್ಮೂರ ದೇವ್ರು ಅಮ್ಮಂಗೆ ಹೇಳ್ಕಂಡಿವ್ನಿ. ನೀನು ನಿಮ್ಮ ಸ್ವಾಮಿಗೆ ಹೇಳ್ಕೊ. ಮೀನಿಗೆ ಹೇಳ್ಬ್ಯಾಡ."

ಗುರುವಾರ ಸಂಜೆಯ ಪೂಜೆಯಲ್ಲಿ ಮಹಿಮೆ ಗೀತೆ ಹಾಡುವಾಗ ಗಂಟೆ ಬಾರಿಸಿದರೆ ಮುಗಿಯಿತು. ಶನಿವಾರ ಮತ್ತೆ ಅದೇ ಗೀತೆ ಬರುವವರೆಗೆ ಗಂಟೆ ಬಾಯಿ ಬಿಡಬಾರದು. ಯೇಸುಸ್ವಾಮಿ ಸತ್ತು ಸಮಾಧಿಯಲ್ಲಿರುವ ಹೊತ್ತು ಅದು. ಆ ದಿನಗಳಲ್ಲಿ ಜನರನ್ನು ಕರೆಯಲು ಒಂದು ಮರದ ಹಲಗೆಯಿದೆ. ಹಿಡಿದು ಅಲ್ಲಾಡಿಸಿದರೆ ಅದಕ್ಕೆ ಜೋಡಿಸಿದ ಮರದ ತುಂಡು ಟಕಟಕ ಬಡಿದುಕೊಳ್ಳುತ್ತದೆ. ಟಕಟಕಿ ಎನ್ನುತ್ತಾರೆ. ಒಣಗಿದ ಮೂಳೆ ಅಲ್ಲಾಡಿದ ಹಾಗಿರುವ ಆ ಸದ್ದು ಕೇಳಿದರೆ ನಾಯಿಗಳು ಬಾಲ ಮಡಚುತ್ತವೆ.

ಲೂರ್ದಮ್ಮ ಗುರುವಾರದ ಗಂಟೆಯನ್ನು ಎಡಗೈಯಲ್ಲೇ ಬಾರಿಸಿ, ಹಗ್ಗವನ್ನು ಗೋಡೆಯ ಮೊಳೆಗೆ ಸುತ್ತಿ, ಟಕಟಕಿಯನ್ನು ಗಂಡನ ಕೈಗೆ ಕೊಟ್ಟಳು. "ನಾಳೆ ಮೂರು ಗಂಟೆ ಆರಾಧನೆಗೆ ನೀವೇ ಅಲ್ಲಾಡಿಸಿ. ನಂಗೆ ತೋಳು ಸೆಳೀತಿದೆ."

"ಇದೊಂದು ಕೆಲಸಾನಾ? ಇದನ್ನ ನಾನು ಅಲ್ಲಾಡಿಸಿದ್ರೆ ಯಲಹಂಕದೋರೆಲ್ಲ ಓಡಿ ಬರ್ತಾರೆ, ನೋಡ್ತಿರು."

ಶುಕ್ರವಾರ ಬೆಳಗ್ಗೆಯಿಂದ ಗಾಳಿ ಇರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಜಕ್ಕೂರಿನ ಕಡೆಯಿಂದ ಕಪ್ಪು ಮೋಡ ಎದ್ದು, ಮಳೆ ಸುರಿಸದೆ, ಚರ್ಚಿನ ನೆತ್ತಿಯ ಮೇಲೆ ಬಂದು ನಿಂತುಬಿಟ್ಟಿತು. ಒಳಗೆ ಪೀಠದ ಮೇಲಿನ ಬಟ್ಟೆ, ದೀಪ, ಹೂವು ಎಲ್ಲ ತೆಗೆದಿದ್ದರು. ಖಾಲಿ ಮಾಡಿದ ಮನೆಯ ಹಾಗೆ ಕಾಣುತ್ತಿತ್ತು. ಸಂತರ ಪ್ರತಿಮೆಗಳಿಗೆಲ್ಲ ನೇರಳೆ ಬಟ್ಟೆ ಮುಚ್ಚಿದ್ದರು. ಜಾಗವಿಲ್ಲದ್ದಕ್ಕೆ ಒಂದು ಪ್ರತಿಮೆಯನ್ನು ಗಂಟೆ ಕೋಣೆಯ ಮೂಲೆಗೆ ತಂದು ನಿಲ್ಲಿಸಿದ್ದರು.

ಚೌರಪ್ಪ ಟಕಟಕಿ ಹಿಡಿದು ಆ ಕೋಣೆಗೆ ಬಂದಾಗ ಆ ಮುಸುಕಿನ ಆಕಾರ ಕಂಡು ಒಂದು ಹೆಜ್ಜೆ ಹಿಂದಿಟ್ಟ. ಅದು ಯಾವ ಸಂತರೆಂದು ಅವನಿಗೆ ಗೊತ್ತಿತ್ತು. ಬಟ್ಟೆಯ ಕೆಳಗೆ ಈಗಲೂ ಅವರೇ ಇದ್ದಾರೆಯೇ ಎಂಬುದು ಗೊತ್ತಿರಲಿಲ್ಲ. ಬೆನ್ನು ತಿರುಗಿಸಿ ನಿಂತು ಪ್ರಾರ್ಥನೆ ಶುರುಮಾಡಿದ. ಹೆಂಡತಿಯ ಹಾಗೆ ಚುಟುಕಾಗಿ ಅಲ್ಲ, ವಿವರವಾಗಿ. ಗಡ್ಡೆ ನೀರಿನದಾಗಿರಲಿ, ಕೊಬ್ಬಿನದಾಗಿರಲಿ, ಬೇಕಾದರೆ ನನಗೇ ಬರಲಿ, ಬಂದರೂ ಸಣ್ಣದು ಬರಲಿ.

ಆಗ ಗಾಳಿ ಬೀಸಿತು. ಬಾಗಿಲು ಧಡಾರನೆ ಮುಚ್ಚಿಕೊಂಡು ಕತ್ತಲಾಯಿತು. ಹಿಂದಿನಿಂದ ನೇರಳೆ ಬಟ್ಟೆ ಹಾರಿ ಬಂದು ಅವನ ತಲೆ, ಮುಖ ಮುಚ್ಚಿ ಕುತ್ತಿಗೆಗೆ ಸುತ್ತಿಕೊಂಡಿತು. ಯೋಬನಿಗಿಂತ ಹೆಚ್ಚು ಹೊತ್ತು ನಿಲ್ಲುತ್ತೇನೆಂದಿದ್ದವನು ಕುಸಿಯುತ್ತಾ ಕೈಗೆ ಸಿಕ್ಕಿದ್ದನ್ನು ಹಿಡಿದುಕೊಂಡ. ಸಿಕ್ಕಿದ್ದು ಹಗ್ಗ. ಮೊಳೆಯಿಂದ ಅದು ಬಿಚ್ಚಿಕೊಂಡಿತು. ಎಪ್ಪತ್ತೆಂಟು ಕೆಜಿಯ ಚೌರಪ್ಪ ಅದಕ್ಕೆ ಜೋತುಬಿದ್ದ.

ಢಣ್.

ಒಂದೇ ಏಟು. ಒಂಟಿಯಾಗಿ. ಸಾವಿನ ಗಂಟೆ ಹೇಗೆ ಬಾರಿಸುತ್ತಾರೋ ಹಾಗೆಯೇ.

ಅಂಗಳದಲ್ಲಿ ಸೇರಿದ್ದ ಜನ ನಿಂತ ಕಡೆಯೇ ಕಲ್ಲಾದರು. ಮರದಲ್ಲಿದ್ದ ಕಾಗೆಗಳೆಲ್ಲ ಎದ್ದು ಸದ್ದು ಮಾಡದೆ ಹಾರಿಹೋದವು. ಉಪವಾಸದ ಜನಕ್ಕೆ ಕಾಯಿಸಿದ ಗಂಜಿಯ ಕಡಾಯಿಯ ಹತ್ತಿರ ನಿಂತಿದ್ದ ಮುದುಕಿ ಆರೋಗ್ಯಮ್ಮನ ಕೈಯಿಂದ ಸೌಟು ಜಾರಿತು. ಚೌರಪ್ಪ ಬಟ್ಟೆ ಕಿತ್ತುಕೊಳ್ಳುತ್ತಾ ಬಾಗಿಲು ತೆರೆದಾಗ ಅವನಿಗೆ ಮೊದಲು ಕಂಡದ್ದು ಅವಳ ಮುಖ.

"ಏನಪ್ಪಾ ಚೌರಿ ಇದು," ಎಂದಳು ಆರೋಗ್ಯಮ್ಮ. "ನಮ್ಮತ್ತೆ ಹೇಳೋರು. ಶುಭ ಶುಕ್ರವಾರ ಗಂಟೆ ಬಾಯಿ ಬಿಟ್ರೆ, ಬಾರಿಸಿದೋರ ಮನೆಯಿಂದ ಒಂದು ಹೆಣ ಕೇಳುತ್ತೆ ಅಂತ."

"ಕೈ ಜಾರ್ತು ದೊಡ್ಡಮ್ಮ."

"ಕೈ ಜಾರ್ಲಿ, ಕಾಲು ಜಾರ್ಲಿ. ಗಂಟೆಗೇನ್ ಗೊತ್ತು."

ಪೂಜೆ ನಡೆಸುವ ಪಾದ್ರಿ ಸ್ವಾಮಿಗಳು ಹೊರಗೆ ಬಂದು ಜನರನ್ನು ಒಳಗೆ ಕರೆದರು. ಯಾರೂ ಚೌರಪ್ಪನನ್ನು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಜೀವ ಬರುತ್ತಿತ್ತು. ಆರಾಧನೆ ಮುಗಿದು ಲೂರ್ದಮ್ಮ ಹೊರಗೆ ಬರುವಾಗ ಜನ ಎರಡೂ ಪಕ್ಕಕ್ಕೆ ಸರಿದು ಅವಳಿಗೆ ದಾರಿ ಬಿಟ್ಟರು. ಬದುಕಿರುವವರಿಗೆ ಬೆಂಗಳೂರಿನಲ್ಲಿ ಯಾರೂ ಅಷ್ಟು ಅಗಲ ದಾರಿ ಬಿಡುವುದಿಲ್ಲ. ಆಸ್ಪತ್ರೆಯ ವಿಷಯ ಎಲ್ಲರಿಗೂ ಗೊತ್ತಿತ್ತು. ಟೀ ಅಂಗಡಿಯಲ್ಲಿ ಹೇಳಿದವನು ಯಾರೆಂದು ಬೇರೆ ಹೇಳಬೇಕಾಗಿಲ್ಲ.

ಶನಿವಾರ ಚೌರಪ್ಪ ಏಳಲಿಲ್ಲ. ಗೋಡೆಗೆ ಮುಖ ಮಾಡಿ ಮಲಗಿದ್ದ. ಮೋಡ ಇನ್ನೂ ಹೋಗಿರಲಿಲ್ಲ. ಕೆರೆಯ ಕಡೆಯಿಂದ ಕೊಳೆತ ನಾತ ಬರುತ್ತಿತ್ತು. ಕರೆಂಟೂ ಇರಲಿಲ್ಲ. ಲೂರ್ದಮ್ಮ ಎಡಗೈಯಲ್ಲಿ ಹಬ್ಬಕ್ಕೆ ಅಕ್ಕಿ ಆರಿಸುತ್ತಾ ಕೂತಿದ್ದಳು. ಅಕ್ಕಿಯೊಳಗೆ ಅವಳ ಬೆರಳು ಆಡುವ ಸದ್ದು ಬಿಟ್ಟರೆ ಮನೆಯಲ್ಲಿ ಬೇರೆ ಸದ್ದಿರಲಿಲ್ಲ.

"ನಿಂಗೆ ಹೆದರಿಕೆ ಆಗಲ್ವೇನೇ?" ಎಂದ ಗೋಡೆಗೆ.

"ಆಗುತ್ತೆ."

ಅವನು ತಿರುಗಿ ನೋಡಿದ. ಈ ಉತ್ತರ ಅವನು ನಿರೀಕ್ಷಿಸಿರಲಿಲ್ಲ.

"ರಾತ್ರಿ ನಿದ್ದೆ ಬರಲ್ಲ. ಎದ್ದು ಮುಟ್ಟಿ ನೋಡ್ಕೋತೀನಿ, ದೊಡ್ಡದಾಯ್ತಾ ಅಂತ. ಪಾಪು ಹೋದಾಗ ಎದೇಲಿ ಹಾಲು ಕಟ್ಕೊಂಡು ಹಿಂಗೇ ಗಟ್ಟಿ ಆಗಿತ್ತು, ನೆನಪಿದ್ಯಾ. ಅದೇ ಜಾಗ."

ಚೌರಪ್ಪ ಗೋಡೆ ಬಿಟ್ಟು ಪೂರ್ತಿ ಅವಳ ಕಡೆಗೆ ಹೊರಳಿದ.

"ಹೆದರಿಕೆ ಇದ್ಮೇಲೆ ನಂಬಿಕೆ ಎಲ್ಲಿಂದ ಬಂತು ಮತ್ತೆ?"

ಲೂರ್ದಮ್ಮ ಒಂದು ಕಲ್ಲು ಆರಿಸಿ ಎಸೆದಳು. "ಇವತ್ತು ಯಾವ ದಿನ? ಶನಿವಾರ. ಆ ಶನಿವಾರ ಯಾರಿಗೇನ್ ಗೊತ್ತಿತ್ತು ಹೇಳಿ. ಮಾತೆ ಮರಿಯಮ್ಮನಿಗೇ ಗೊತ್ತಿತ್ತೋ ಇಲ್ವೋ. ಮಗನ್ನ ಗುಹೇಲಿಟ್ಟು ಕಲ್ಲು ಮುಚ್ಚಿ ಬಂದಿದ್ರು. ನಾಳೆ ಭಾನುವಾರ ಅಂತ ನಮಗೆ ಗೊತ್ತಿದೆ, ಅದಕ್ಕೇ ನಾವು ಅಕ್ಕಿ ಆರಿಸ್ಕೊಂಡು ಕೂತಿದ್ದೀವಿ. ಆ ತಾಯಿ ಗೊತ್ತಿಲ್ದೇ ಕೂತಿದ್ರು. ನಾನೂ ಕೂರ್ತೀನಿ."

"ಸೋಮವಾರ ಕೆಟ್ಟದ್ದು ಅಂತ ಹೇಳಿಬಿಟ್ರೆ?"

"ಆವತ್ತೂ ಅವರಿಗೆ ಗೊತ್ತಿರುತ್ತೆ."

ಸಂಜೆಗೆ ಆರೋಗ್ಯಮ್ಮ ಇನ್ನಿಬ್ಬರು ಹೆಂಗಸರನ್ನು ಕಟ್ಟಿಕೊಂಡು ಬಂದಳು. ಇವತ್ತಿನ ಗಂಟೆಯನ್ನು ಬೇರೆ ಮನೆಯವರಿಗೆ ಬಿಟ್ಟುಕೊಡು, ಹಬ್ಬದ ಗಂಟೆಗೆ ಸಾವಿನ ಮನೆಯ ಕೈ ಬೇಡ ಎಂದು ಹೇಳುವುದು ಅವರ ಉದ್ದೇಶ. ಸಾವಿನ ಮನೆ ಎಂಬ ಮಾತನ್ನು ಅವರು ಬಾಯಿಬಿಟ್ಟು ಆಡಲಿಲ್ಲ. ಹೊಸ್ತಿಲ ಆಚೆಯೇ ನಿಂತದ್ದರಲ್ಲಿ ಅದು ಇತ್ತು.

"ನಿನ್ನ ಒಳ್ಳೇದಕ್ಕೇ ಹೇಳ್ತಿರೋದು ಮಗಳೇ," ಎಂದಳು ಆರೋಗ್ಯಮ್ಮ. "ನಿಂಗೂ ತೋಳು ನೋವು."

"ಹೂಂ ದೊಡ್ಡಮ್ಮ. ನಂಗಾಗಲ್ಲ. ಅದಕ್ಕೇ ಇವರು ಬಾರಿಸ್ತಾರೆ."

ಹಾಸಿಗೆಯ ಮೇಲಿಂದ ಚೌರಪ್ಪ ಎದ್ದು ಕೂತ. ಆರೋಗ್ಯಮ್ಮನ ಜೊತೆ ಬಂದವರಲ್ಲಿ ಒಬ್ಬಳು ಶಿಲುಬೆ ಗುರುತು ಹಾಕಿಕೊಂಡಳು.

"ನಾನು ಆ ಹಗ್ಗ ಮುಟ್ಟಲ್ಲ," ಎಂದ, ಅವರು ಹೋದ ಮೇಲೆ. "ಕೈ ಕಡಿದ್ರೂ ಮುಟ್ಟಲ್ಲ ಕಣೇ. ನಾನು ಮುಟ್ಟಿ ಆಗಿರೋದು ಸಾಲ್ದಾ?"

"ಸರಿ ಬಿಡಿ. ಎಡಗೈಲಿ ಎಳೀತೀನಿ. ಆಗ್ಲಿಲ್ಲ ಅಂದ್ರೆ ಬಲಗೈನೂ ಹಾಕ್ತೀನಿ."

ಅವನು ಅಂಗಿ ಹುಡುಕಿಕೊಂಡ.

ಕತ್ತಲಾಗುವ ಹೊತ್ತಿಗೆ ಅಂಗಳದಲ್ಲಿ ಹೊಸ ಬೆಂಕಿ ಹೊತ್ತಿಸಿದರು. ಮೇಣದಬತ್ತಿಗಳು ಒಂದರಿಂದೊಂದು ಹತ್ತಿಕೊಂಡು ಒಳಗೆ ಹೋದವು. ಚೌರಪ್ಪ ಗಂಟೆ ಕೋಣೆಯಲ್ಲಿ ಹಗ್ಗದ ಮುಂದೆ, ನೇಣಿನ ಮುಂದೆ ನಿಂತವನ ಹಾಗೆ ನಿಂತಿದ್ದ. ಲೂರ್ದಮ್ಮ ಪಕ್ಕದಲ್ಲಿದ್ದಳು. ಒಳಗೆ ಮಹಿಮೆ ಗೀತೆ ಶುರುವಾಯಿತು. ಅವನು ಎಳೆಯಲಿಲ್ಲ. ಗೀತೆಯ ಮೊದಲ ಸಾಲು ಗಂಟೆಯಿಲ್ಲದೆ ಮುಗಿಯಿತು. ಜನ ಹಾಡುತ್ತಲೇ ಹಿಂದೆ ತಿರುಗಿ ನೋಡತೊಡಗಿದರು.

"ಏನಂತ ಹೇಳ್ಕೊಳ್ಳಿ ಲೂರ್ದು? ನನ್ನ ಬಾಯಿಗೆ ಒಂದೂ ಬರ್ತಿಲ್ಲ."

"ನಾನು ಹೇಳೋದನ್ನೇ ಹೇಳಿ. ಅದಕ್ಕೆ ಜಾಸ್ತಿ ಉಸಿರು ಬೇಡ."

"ಸ್ವಾಮಿ, ನಿಮಗೆ ಗೊತ್ತು," ಎಂದು ಚೌರಪ್ಪ ಎಳೆದ.

ಒಮ್ಮೆ ಎಳೆದವನು ನಿಲ್ಲಿಸಲಿಲ್ಲ. ಗೀತೆ ಮುಗಿದರೂ ಬಾರಿಸಿದ, ಸ್ವಾಮಿಗಳು ಪ್ರಾರ್ಥನೆಗೆ ಕೈಯೆತ್ತಿದರೂ ಬಾರಿಸಿದ. ಕೆಂಪಾಪುರದ ನಾಯಿಗಳೆಲ್ಲ ಸೇರಿ ಊಳಿಟ್ಟವು. ಇಳಿಯಬೇಕಾಗಿದ್ದ ವಿಮಾನವೊಂದು ಗಾಬರಿಯಾಗಿ ಮತ್ತೆ ಮೇಲಕ್ಕೇರಿ ಎರಡು ಸುತ್ತು ಹಾಕಿತಂತೆ. ಇದನ್ನು ಹೇಳಿದವನು ಚೌರಪ್ಪನಾದ್ದರಿಂದ ಒಂದು ಸುತ್ತು ಕಳೆದುಕೊಳ್ಳಬಹುದು. ಕೊನೆಗೆ ಲೂರ್ದಮ್ಮ ಅವನ ಅಂಗಿ ಹಿಡಿದು ಎಳೆದಳು. ಅವನ ಕೆನ್ನೆ ಒದ್ದೆಯಾಗಿತ್ತು. ಬೆವರು ಎಂದ.

ಸೋಮವಾರ ಜಹೀರ್ ಆಟೋದಲ್ಲಿ ಕರೆದುಕೊಂಡು ಹೋದ. ಎಂದೂ ಬಾಯಿ ಮುಚ್ಚದವನು ಅವತ್ತು ಮೇಖ್ರಿ ಸರ್ಕಲ್ ದಾಟುವವರೆಗೂ ಒಂದು ಮಾತಾಡಲಿಲ್ಲ. ಚೌರಪ್ಪ ಅದನ್ನೂ ಶಕುನಗಳ ಸಾಲಿಗೆ ಸೇರಿಸಿದ. ಆಸ್ಪತ್ರೆಯ ಪಡಸಾಲೆಯ ತುದಿಯಲ್ಲಿ ಒಂದು ಖಾಲಿ ಸ್ಟ್ರೆಚರ್, ತಳ್ಳುವವರಿಲ್ಲದೆ, ಅವರು ಕೂತ ಕಡೆಗೇ ಮುಖ ಮಾಡಿ ನಿಂತಿತ್ತು.

ಡಾಕ್ಟರ್ ದಾಕ್ಷಾಯಣಿ ಬೆಳಗಾವಿ ಕಡೆಯವರು. ಮಾತು ಸುತ್ತಿ ಬಳಸುವವರಲ್ಲ. ಲೂರ್ದಮ್ಮನನ್ನು ಎದುರಿಗೆ ಕೂರಿಸಿಕೊಂಡು ಹೇಳಿದರು: "ನೋಡ್ರಿ ಅಮ್ಮಾರ, ಗಡ್ಡಿ ಛಲೋದಲ್ಲ. ಕ್ಯಾನ್ಸರ್ ಐತಿ. ಭಾಳ ಮುಂದ ಹೋಗಿಲ್ಲ ಅನಸ್ತದ, ಆದ್ರ ಆಪರೇಷನ್ ಮಾಡಿದ ಮ್ಯಾಲೇ ಖಾತ್ರಿ ಹೇಳಾಕ ಬರ್ತದ. ಆಮ್ಯಾಲ ಔಷಧ, ಕೂದಲು ಹೋಗ್ತಾವ, ಸುಸ್ತು ಆಗ್ತದ. ವರ್ಷಗಟ್ಲೆ ತಾಳ್ಮಿ ಬೇಕಾಗ್ತದ. ಅಷ್ಟು ತಾಳ್ಮಿ ಐತೇನ್ರಿ?"

"ಅದೊಂದು ಅಭ್ಯಾಸ ಇದೆ ಡಾಕ್ಟ್ರೇ," ಎಂದಳು ಲೂರ್ದಮ್ಮ. "ಯಾವತ್ತು ಬರ್ಲಿ ಹೇಳಿ."

ಹೊರಗೆ ಬಂದ ಮೇಲೆ ಚೌರಪ್ಪ ಗೋಡೆಗೆ ಒರಗಿದವನು ಹಾಗೇ ಜಾರಿ ನೆಲದ ಮೇಲೆ ಕೂತ. ಹೋಗುವವರು ಬರುವವರು ಅವನ ಕಾಲು ದಾಟಿಕೊಂಡು ನಡೆದರು. ಲೂರ್ದಮ್ಮ ಪಕ್ಕದಲ್ಲಿ ಸೆರಗು ಹೊದ್ದು ನಿಂತಳು. ಜಪಸರ ಅವಳ ಎಡಗೈಯಲ್ಲಿತ್ತು, ಬೆರಳು ಒಂದೇ ಮಣಿಯ ಮೇಲೆ ಬಹಳ ಹೊತ್ತು ನಿಂತಿತ್ತು. ಆಮೇಲೆ ಮುಂದಿನದಕ್ಕೆ ಹೋಯಿತು.

"ನಾನೇ ಕಣೇ," ಎಂದ ಚೌರಪ್ಪ, ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡು. "ಆವತ್ತು ಆ ಗಂಟೆ ಬಡಿದು ನಾನೇ ಇದನ್ನ ಮನೆಗೆ ಕರೆದೆ. ಆರೋಗ್ಯಮ್ಮ ಹೇಳಿದ್ದು ನಿಜ ಆಯ್ತು. ಆ ಗಂಟೆ ಒಂದ್ಸಲ ಕರೆದ್ರೆ ಬರ್ದೇ ಇರುತ್ತಾ ಲೂರ್ದು?"

ಲೂರ್ದಮ್ಮ ಬಗ್ಗಿ, ಒಳ್ಳೆಯ ಕೈಯನ್ನು ಅವನ ಕಂಕುಳಿಗೆ ಕೊಟ್ಟು ಎಬ್ಬಿಸಿದಳು.

"ಏಳ್ರೀ ಸಾಕು. ಆ ಗಂಟೆ ಕರೆದ್ರೆ ಬಂದೇ ಬರೋ ಹಾಗಿದ್ದಿದ್ರೆ, ಇಷ್ಟು ವರ್ಷ ನಾನು ಬಾರಿಸಿದ್ದಕ್ಕೆ ನೀವು ಒಂದ್ ಭಾನುವಾರನಾದ್ರೂ ಪೂಜೆ ಶುರುವಾಗೋಕ್ ಮುಂಚೆ ಬರ್ತಿದ್ರಿ."